ಸಣ್ಣ ಊರುಗಳ ಸೀಮೆಗೆ ಮೊದಲ ರೈಲು ಬಂದ ಚರಿತ್ರೆಯನ್ನು ಬರೆಯುವ ಕ್ರಮ

ಯಾವುದೋ ಒಂದು ಸೀಮೆಯ ಆರಂಭಕಾಲದ ರೈಲುಮಾರ್ಗಗಳ ಬಗ್ಗೆ ಬರೆಯಹೊರಟವರು ಮೊದಲು ಕೇಳಿಕೊಳ್ಳುವ ಪ್ರಶ್ನೆ ಸಾಮಾನ್ಯವಾಗಿ ‘ರೈಲು ಯಾವ ವರ್ಷ ಬಂತು’ ಎಂಬುದು. ಅದಕ್ಕೆ ಉತ್ತರ ಬೇಗ ಸಿಗುತ್ತದೆ. ಆದರೆ ಇಸವಿಯೊಂದೇ ಕೈಗೆ ಬಂದರೆ ಚರಿತ್ರೆ ಮುಂದಕ್ಕೆ ಸಾಗುವುದಿಲ್ಲ. ಹಳಿ ಈ ಊರನ್ನು ಹಾದು ಪಕ್ಕದ ಊರನ್ನು ಬಿಟ್ಟದ್ದು ಏಕೆ, ಅದಕ್ಕೆ ಹಣ ಹಾಕಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಹುಡುಕಿದರೆ ಮಾತ್ರ ಪತ್ರಾಗಾರದ ಕಾಗದಗಳೂ ಬಯಲಿನಲ್ಲಿ ಉಳಿದಿರುವ ಮಣ್ಣಿನ ಏರಿಗಳೂ ಒಂದಕ್ಕೊಂದು ಹೊಂದಿಕೊಳ್ಳತೊಡಗುತ್ತವೆ. ಮುಂದೆ ಹೇಳಿರುವ ಕ್ರಮ ಈ ಎರಡು ಪ್ರಶ್ನೆಗಳನ್ನು ಹಿಡಿದು ಸಾಗುತ್ತದೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕ ಮತ್ತು ಬ್ರಿಟನ್ನಿನವು, ಏಕೆಂದರೆ ಆ ದೇಶಗಳ ದಾಖಲೆಗಳು ಹೇರಳವಾಗಿ ಉಳಿದಿವೆ ಮತ್ತು ಅವುಗಳಲ್ಲಿ ಬಹಳಷ್ಟನ್ನು ಕುಳಿತಲ್ಲಿಂದಲೇ ನೋಡಬಹುದು.

ಎಲ್ಲೆ ಗೊತ್ತುಮಾಡಿಕೊಳ್ಳುವುದು

ಒಂದೇ ಊರನ್ನು ಆರಿಸಿಕೊಳ್ಳಬೇಡಿ. ಒಂದು ಕಣಿವೆ, ಅಥವಾ ಎರಡು ಜಂಕ್ಷನ್‌ಗಳ ನಡುವಿನ ಐದಾರು ಊರುಗಳು, ಇಷ್ಟು ವಿಸ್ತಾರವಿದ್ದರೆ ಸಾಕು. ಆದರೆ ಅವುಗಳಲ್ಲಿ ರೈಲು ಸಿಗದೇ ಹೋದ ಒಂದೆರಡು ಊರುಗಳಾದರೂ ಇರಲೇಬೇಕು. ನಿಲ್ದಾಣ ಪಡೆದ ಊರಿನ ದಾಖಲೆಗಳಲ್ಲಿ ಸಂಭ್ರಮವೇ ತುಂಬಿರುತ್ತದೆ. ಮಾರ್ಗ ಹೇಗೆ ನಿರ್ಧಾರವಾಯಿತೆಂಬುದನ್ನು ತಿಳಿಯಬೇಕಾದರೆ ಸೋತ ಊರಿನ ಅರ್ಜಿಗಳನ್ನೂ ದೂರುಗಳನ್ನೂ ಓದಬೇಕಾಗುತ್ತದೆ. ಕಾಲದ ಎಲ್ಲೆಯನ್ನೂ ಹಾಗೆಯೇ ಹಾಕಿಕೊಳ್ಳಬೇಕು: ಮೊದಲ ಪ್ರಸ್ತಾಪ ಪತ್ರಿಕೆಯಲ್ಲಿ ಕಾಣಿಸಿದ ದಿನದಿಂದ, ಮೂಲ ಕಂಪನಿ ದಿವಾಳಿಯಾಗಿ ಅಥವಾ ದೊಡ್ಡ ಕಂಪನಿಯೊಂದರಲ್ಲಿ ಕರಗಿ ಹೋದ ದಿನದವರೆಗೆ ಎಂದಿಟ್ಟುಕೊಂಡರೆ ಕೆಲಸ ಹತೋಟಿಯಲ್ಲಿರುತ್ತದೆ.

ಒಂದು ದಿನಾಂಕವಲ್ಲ, ಹಲವು

ರೈಲುಮಾರ್ಗಕ್ಕೆ ಹುಟ್ಟಿದ ದಿನ ಒಂದೇ ಇರುವುದಿಲ್ಲ. ಶಾಸನಸಭೆ ಸನ್ನದು ಕೊಟ್ಟ ದಿನ, ಮೋಜಣಿ ನಡೆದ ದಿನ, ಮಣ್ಣಿನ ಕೆಲಸ ಶುರುವಾದ ದಿನ, ಹಳಿ ಊರು ಮುಟ್ಟಿದ ದಿನ, ಅತಿಥಿಗಳನ್ನು ತುಂಬಿಕೊಂಡ ವಿಶೇಷ ಗಾಡಿ ಓಡಿದ ದಿನ, ವೇಳಾಪಟ್ಟಿಯ ಪ್ರಕಾರ ಸಾರ್ವಜನಿಕ ಸಂಚಾರ ಮೊದಲಾದ ದಿನ, ಇವೆಲ್ಲ ಬೇರೆ ಬೇರೆ. ಸ್ಥಳೀಯ ಸ್ಮರಣಸಂಚಿಕೆಗಳು ಇವುಗಳಲ್ಲಿ ತಮಗೆ ಅನುಕೂಲವಾದ ಒಂದನ್ನು ಆರಿಸಿಕೊಂಡಿರುತ್ತವೆ. ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿಗೆ ಸನ್ನದು ದೊರೆತದ್ದು 1827ರಲ್ಲಿ, ಕೆಲಸ ಆರಂಭವಾದದ್ದು 1828ರ ಜುಲೈ 4ರಂದು. 1830ರ ಮೇ ತಿಂಗಳಲ್ಲಿ ಎಲಿಕಾಟ್ಸ್ ಮಿಲ್ಸ್‌ವರೆಗಿನ 13 ಮೈಲಿ ಸಂಚಾರಕ್ಕೆ ತೆರೆದಾಗ ಗಾಡಿಗಳನ್ನು ಎಳೆದದ್ದು ಕುದುರೆಗಳು. ಹೆಸರಿನಲ್ಲೇ ಇರುವ ಓಹಾಯೋ ನದಿಯನ್ನು ಆ ಹಳಿ ಮುಟ್ಟಿದ್ದು 1852ರ ಡಿಸೆಂಬರ್‌ನಲ್ಲಿ. ಅಮೆರಿಕದ ಖಂಡಾಂತರ ಮಾರ್ಗ 1869ರ ಮೇ 10ರಂದು ಪೂರ್ಣವಾಯಿತೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಓಮಾಹಾದ ಬಳಿ ಮಿಸೌರಿ ನದಿಗೆ ಸೇತುವೆ ಸಿದ್ಧವಾದದ್ದು 1872ರಲ್ಲಿ, ಅಲ್ಲಿಯತನಕ ಪ್ರಯಾಣಿಕರು ನದಿಯನ್ನು ಬೇರೆ ರೀತಿಯಲ್ಲಿ ದಾಟಬೇಕಿತ್ತು.

ಆದ್ದರಿಂದ ಮೊದಲೇ ಒಂದು ಕೋಷ್ಟಕ ಮಾಡಿಕೊಳ್ಳಿ. ಪ್ರತಿ ಊರಿಗೆ ಒಂದು ಸಾಲು, ಪ್ರತಿ ಘಟ್ಟಕ್ಕೆ ಒಂದು ಕಂಬಸಾಲು, ಪ್ರತಿ ದಿನಾಂಕದ ಪಕ್ಕದಲ್ಲಿ ಅದು ಯಾವ ಕಾಗದದಿಂದ ಬಂತೆಂಬ ಗುರುತು. ಸನ್ನದು ಸಿಕ್ಕಿಯೂ ಒಂದಡಿ ಹಳಿ ಹಾಕದ ಕಂಪನಿಗಳು ಈ ಕೋಷ್ಟಕದಲ್ಲಿ ತಾವಾಗಿಯೇ ಎದ್ದು ಕಾಣುತ್ತವೆ, ಅಂಥವನ್ನು ಕೈಬಿಡಬೇಡಿ. ಅಲ್ಪಾಯುಷಿಗಳನ್ನೂ ಬಿಡಬೇಡಿ. ಮ್ಯಾಸಚೂಸೆಟ್ಸ್‌ನ ಬಿಲ್ಲರಿಕಾ ಅಂಡ್ ಬೆಡ್‌ಫರ್ಡ್ ಎಂಬ, ಹಳಿಗಳ ನಡುವೆ 2 ಅಡಿ ಅಗಲವಿದ್ದ ಪುಟ್ಟ ಮಾರ್ಗ 1877ರಲ್ಲಿ ತೆರೆದು 1878ರಲ್ಲಿ ಮುಚ್ಚಿತು. ಆದರೆ ಅದರ ಸಾಮಗ್ರಿಯನ್ನು ಮೇನ್ ರಾಜ್ಯದ ಸ್ಯಾಂಡಿ ರಿವರ್ ಕಂಪನಿ ಕೊಂಡುಕೊಂಡು 1879ರಲ್ಲಿ ತನ್ನ ಮಾರ್ಗವನ್ನು ನಡೆಸತೊಡಗಿತು. ಒಂದು ಸೀಮೆಯಲ್ಲಿ ಸೋತ ಯೋಜನೆಯೇ ಇನ್ನೊಂದು ಸೀಮೆಯ ಚರಿತ್ರೆಯ ಮೊದಲ ಅಧ್ಯಾಯ ಎಂಬುದು ಇಂಥ ಕಡೆ ಗೊತ್ತಾಗುತ್ತದೆ.

ಹಣದ ಜಾಡು

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹುಡುಕಾಟ ಇದು, ಎಲ್ಲಕ್ಕಿಂತ ಕಡಿಮೆ ಜನ ಕೈಹಾಕುವುದೂ ಇದಕ್ಕೇ. 19ನೇ ಶತಮಾನದ ಅಮೆರಿಕದಲ್ಲಿ ಸಣ್ಣ ಊರುಗಳು ರೈಲನ್ನು ಬರಮಾಡಿಕೊಳ್ಳಲು ತಾವೇ ಸಾಲ ಮಾಡಿ ಬಾಂಡ್ ಹೊರಡಿಸಿ ಕಂಪನಿಯ ಷೇರು ಕೊಳ್ಳುತ್ತಿದ್ದವು. ಇದು ಮಾರ್ಗದ ನಕ್ಷೆಯನ್ನೇ ಬದಲಿಸಬಲ್ಲದಾಗಿತ್ತು. ನ್ಯೂಯಾರ್ಕ್ ರಾಜ್ಯದ ನ್ಯೂಯಾರ್ಕ್ ಅಂಡ್ ಓಸ್ವೀಗೋ ಮಿಡ್‌ಲ್ಯಾಂಡ್ ಮಾರ್ಗವನ್ನು ನಕ್ಷೆಯಲ್ಲಿ ನೋಡಿದರೆ ಅದು ಅಂಕುಡೊಂಕಾಗಿ ಸಾಗುತ್ತದೆ, ದೊಡ್ಡ ಕಣಿವೆಗಳನ್ನು ಅನುಸರಿಸದೆ ಅಡ್ಡ ದಾಟುತ್ತದೆ, ಸಿರಾಕ್ಯೂಸ್‌ನಂಥ ಪೇಟೆಯನ್ನು ಮುಟ್ಟುವುದೇ ಇಲ್ಲ. ಭೂಗೋಳದಿಂದ ಇದನ್ನು ವಿವರಿಸಲಾಗದು; ಬಾಂಡ್ ಕೊಟ್ಟ ಊರುಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಮಾತ್ರ ಅರ್ಥವಾಗುತ್ತದೆ. ಆ ಮಾರ್ಗ 1873ರಲ್ಲಿ ಪೂರ್ಣಗೊಂಡಿತು, ಅದೇ ವರ್ಷ ದಿವಾಳಿಯೂ ಆಯಿತು. ರೈಲಿನ ಕಂಪನಿ ಮುಳುಗಿದರೂ ಊರುಗಳ ಸಾಲ ಮುಳುಗಲಿಲ್ಲ. ಇಂಥ ಸಾಲವನ್ನು ತೀರಿಸಲಾಗದೆ, ತೀರಿಸಲು ಒಪ್ಪದೆ ನ್ಯಾಯಾಲಯದವರೆಗೆ ಹೋದ ಊರುಗಳು ಅನೇಕ. ಅಯೋವಾ ರಾಜ್ಯದ ಡುಬ್ಯೂಕ್ ಪಟ್ಟಣ ರೈಲಿಗಾಗಿ ಹೊರಡಿಸಿದ ಬಾಂಡ್‌ಗಳ ವಿವಾದ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿ, 1864ರಲ್ಲಿ ತೀರ್ಪು ಬಾಂಡ್ ಹೊಂದಿದವರ ಪರವಾಗಿ ಬಂತು.

ಹಾಗಾದರೆ ಏನನ್ನು ಓದಬೇಕು? ಊರಸಭೆಯ ನಡಾವಳಿ ಪುಸ್ತಕ, ಬಾಂಡಿನ ಪರವಾಗಿ ಮತ್ತು ವಿರುದ್ಧವಾಗಿ ಬಿದ್ದ ಮತಗಳ ಲೆಕ್ಕ, ಷೇರುದಾರರ ಪಟ್ಟಿ, ತೆರಿಗೆ ಪುಸ್ತಕದಲ್ಲಿ ಸಾಲದ ಬಡ್ಡಿಗೆಂದು ಹಾಕಿದ ಹೆಚ್ಚುವರಿ ಕರ. ಷೇರುದಾರರ ಪಟ್ಟಿಯಲ್ಲಿನ ಹೆಸರುಗಳನ್ನು ಬರೆದುಕೊಂಡು ಜಮೀನು ನೋಂದಣಿ ಕಚೇರಿಗೆ ಹೋಗಿ, ಮಾರ್ಗ ಘೋಷಣೆಯಾಗುವ ಹಿಂದಿನ ಎರಡು ಮೂರು ವರ್ಷಗಳಲ್ಲಿ ನಿಲ್ದಾಣದ ಸುತ್ತಲಿನ ನೆಲವನ್ನು ಕೊಂಡವರು ಯಾರೆಂದು ನೋಡಿ. ಎರಡೂ ಪಟ್ಟಿಗಳಲ್ಲಿ ಒಂದೇ ಹೆಸರು ಕಂಡರೆ ನಿಲ್ದಾಣ ಅಲ್ಲೇ ಏಕೆ ಬಂತೆಂಬುದಕ್ಕೆ ಒಂದು ಗಟ್ಟಿ ಸುಳಿವು ಸಿಕ್ಕಂತೆ. ಇಲಿನಾಯ್ ಸೆಂಟ್ರಲ್ ಕಂಪನಿಗೆ 1850ರ ಕಾಯಿದೆಯ ಮೂಲಕ ಸುಮಾರು 26 ಲಕ್ಷ ಎಕರೆ ಸರ್ಕಾರಿ ಭೂಮಿ ದೊರೆಯಿತು, ಆದರೆ ತಾನೇ ಊರು ಕಟ್ಟಬಾರದೆಂಬ ನಿರ್ಬಂಧ ಅದರ ಸನ್ನದಿನಲ್ಲಿತ್ತು. ಕಂಪನಿಯೊಳಗಿನವರೇ ಕೆಲವರು ಕೂಟ ಮಾಡಿಕೊಂಡು ನಿಲ್ದಾಣ ಬರುವ ಜಾಗಗಳನ್ನು ಖಾಸಗಿಯಾಗಿ ಕೊಂಡು ಒಂದೇ ಮಾದರಿಯ ಊರುಗಳನ್ನು ಅಳೆದು ಮಾರಿದರು. ಮಾರ್ಗದುದ್ದಕ್ಕೂ ಊರುಗಳ ಬೀದಿಗಳು ಒಂದನ್ನೊಂದು ಹೋಲುತ್ತಿದ್ದರೆ ಇಂಥ ಕೂಟವೊಂದನ್ನು ಹುಡುಕುವುದು ಒಳ್ಳೆಯದು.

ಬೇರೆ ದೇಶಗಳಲ್ಲಿ ಹಣದ ದಾರಿ ಬೇರೆ. ಭಾರತದ ಮೊದಲ ಮಾರ್ಗಗಳನ್ನು ಲಂಡನ್ನಿನ ಕಂಪನಿಗಳು ಕಟ್ಟಿದವು. 1849ರ ಒಪ್ಪಂದಗಳ ಪ್ರಕಾರ ಹೂಡಿಕೆಗೆ ಶೇ. 5ರ ಬಡ್ಡಿ ಖಾತ್ರಿಯಾಗಿತ್ತು, ಕೊರತೆ ಬಿದ್ದರೆ ಅದನ್ನು ಇಲ್ಲಿನ ಕಂದಾಯದಿಂದ ತುಂಬಲಾಗುತ್ತಿತ್ತು. ಹಾಗಾಗಿ ಭಾರತದ ಸಣ್ಣ ಊರೊಂದರ ನಿಲ್ದಾಣದ ನಿರ್ಧಾರವನ್ನು ಊರಸಭೆಯ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಲೋಕೋಪಯೋಗಿ ಇಲಾಖೆಯ ಪತ್ರವ್ಯವಹಾರ, ರೈಲ್ವೆಯ ವಾರ್ಷಿಕ ಆಡಳಿತ ವರದಿ ಮತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳತ್ತ ಹೊರಳಬೇಕು.

ನೆಲದ ಇಳಿಜಾರು ಮತ್ತು ದಂತಕಥೆ

ಹಳಿ ತಪ್ಪಿದ ಊರುಗಳಲ್ಲೆಲ್ಲ ಒಂದು ಕಥೆ ಕೇಳಿಬರುತ್ತದೆ: ನಮ್ಮ ಹಿರಿಯರು, ಅಥವಾ ನಮ್ಮ ಜಮೀನ್ದಾರರು, ಹೊಗೆಗೆ ಹೆದರಿ ರೈಲನ್ನು ಬೇಡವೆಂದರು. ಕಥೆ ಕೆಲವೊಮ್ಮೆ ನಿಜವಿರಬಹುದು, ಆದರೆ ನೆಲವನ್ನು ಅಳೆಯದೆ ಅದನ್ನು ಬರೆದುಬಿಡಬಾರದು. ಇಂಗ್ಲೆಂಡಿನ ನಾರ್ಥಾಂಪ್ಟನ್ ಇದಕ್ಕೆ ಒಳ್ಳೆಯ ದೃಷ್ಟಾಂತ. 1838ರಲ್ಲಿ ಪೂರ್ಣವಾಗಿ ತೆರೆದ ಲಂಡನ್ ಅಂಡ್ ಬರ್ಮಿಂಗ್‌ಹ್ಯಾಮ್ ಮಾರ್ಗ ಆ ಪಟ್ಟಣದ ಹೊರಗಿನಿಂದಲೇ ಹಾದುಹೋಯಿತು, ಊರವರ ವಿರೋಧವೇ ಕಾರಣವೆಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಭೂಮಾಲೀಕರು ಕೆಲವರು ವಿರೋಧಿಸಿದ್ದೂ ಉಂಟು. ಆದರೆ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಆ ಮಾರ್ಗದ ಏರನ್ನು 330 ಅಡಿಗೆ 1 ಅಡಿಯೊಳಗೆ ಇಡಲು ಹಟ ಹಿಡಿದಿದ್ದರು. ನಾರ್ಥಾಂಪ್ಟನ್ ಇರುವ ನೀನ್ ನದಿಯ ಕಣಿವೆಯೋ ಬ್ಲಿಸ್‌ವರ್ತ್ ಬಳಿಯ ಹಳಿಗಿಂತ ಸುಮಾರು 120 ಅಡಿ ಕೆಳಗಿದೆ, ನಡುವಿನ ದೂರ ಐದು ಮೈಲಿಯೂ ಇಲ್ಲ. ಅಂದರೆ ಇಳಿಜಾರು ಸ್ಥೂಲವಾಗಿ 200ಕ್ಕೆ 1. ಕೆಳಗಿಳಿದ ಗಾಡಿ ಮತ್ತೆ ಕಿಲ್ಸ್‌ಬಿಯ ಏರುದಿಣ್ಣೆಯನ್ನು ಹತ್ತಬೇಕು, ಆ ದಿಣ್ಣೆಗೆ ಕೊರೆದ 2.2 ಕಿಲೋಮೀಟರ್ ಸುರಂಗವೇ ನೀರು ತುಂಬಿದ ಮರಳಿನ ದೆಸೆಯಿಂದ ಕಟ್ಟುವವರನ್ನು ಕಂಗೆಡಿಸಿತ್ತು. ಲೆಕ್ಕ ಹಾಕಿದವರಿಗೆ ದಂತಕಥೆ ಬೇಕಾಗುವುದಿಲ್ಲ. 1845ರಲ್ಲಿ ಬ್ಲಿಸ್‌ವರ್ತ್‌ನಿಂದ ಪೀಟರ್‌ಬರೋಗೆ ಹೋದ ಶಾಖಾಮಾರ್ಗದಲ್ಲಿ ಪಟ್ಟಣಕ್ಕೆ ರೈಲು ದೊರೆಯಿತು.

ನಿಮ್ಮ ಸೀಮೆಗೂ ಇದೇ ಲೆಕ್ಕವನ್ನು ಮಾಡಿ ನೋಡಬಹುದು. ಸಮೋನ್ನತ ರೇಖೆಗಳಿರುವ ಹಳೆಯ ನಕ್ಷೆಯ ಮೇಲೆ ಕಟ್ಟಿದ ಮಾರ್ಗವನ್ನೂ, ಬಿಟ್ಟ ಊರಿನ ಮೂಲಕ ಹೋಗಬಹುದಾಗಿದ್ದ ಮಾರ್ಗವನ್ನೂ ಗುರುತಿಸಿ, ಪ್ರತಿ ಕಿಲೋಮೀಟರಿಗೆ ಎತ್ತರ ಬರೆದುಕೊಂಡು ಎರಡರ ಏರಿಳಿತದ ರೇಖೆಯನ್ನು ಒಂದೇ ಹಾಳೆಯಲ್ಲಿ ಎಳೆಯಿರಿ. ಅಮೆರಿಕದ ಭೂಸರ್ವೇಕ್ಷಣ ಸಂಸ್ಥೆ 1884ರಿಂದೀಚಿನ ತನ್ನ ಹಳೆಯ ನಕ್ಷೆಗಳನ್ನು ಉಚಿತವಾಗಿ ತೆರೆದಿಟ್ಟಿದೆ. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆಯ ಹಳೆಯ ಹಾಳೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ನೋಡಬಹುದು. ಎರಡು ರೇಖೆಗಳೂ ಹೆಚ್ಚುಕಡಿಮೆ ಸಮನಾಗಿದ್ದರೆ ಕಾರಣವನ್ನು ಹಣದಲ್ಲಿ ಹುಡುಕಿ, ಬಹಳ ಭಿನ್ನವಾಗಿದ್ದರೆ ನೆಲದಲ್ಲಿ. ಏರಿನ ಜೊತೆಗೆ ನೀರನ್ನೂ ನೆನಪಿಡಬೇಕು. ಆರಂಭದ ಎಂಜಿನ್‌ಗಳು ಕೆಲವೇ ಮೈಲಿಗಳಿಗೊಮ್ಮೆ ನೀರು ತುಂಬಿಸಿಕೊಳ್ಳಬೇಕಿದ್ದುದರಿಂದ, ಏನೂ ಇಲ್ಲದ ಬಯಲಿನಲ್ಲಿ ಹುಟ್ಟಿಕೊಂಡ ಎಷ್ಟೋ ನಿಲ್ದಾಣಗಳ ಮೂಲ ಒಂದು ತೊರೆ ಅಥವಾ ಬಾವಿ.

ಕಾಗದಗಳು ಎಲ್ಲಿವೆ

ಬ್ರಿಟನ್ನಿನಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲವಿದೆ. ಪಾರ್ಲಿಮೆಂಟಿನ ಮುಂದೆ ಮಸೂದೆ ತರಬೇಕಾದರೆ ಕಂಪನಿಗಳು ಮಾರ್ಗದ ನಕ್ಷೆಯನ್ನೂ, ಅದು ಹಾಯುವ ಪ್ರತಿ ತುಂಡು ನೆಲದ ಮಾಲೀಕ, ಗುತ್ತಿಗೆದಾರ ಮತ್ತು ಅನುಭೋಗದಾರರ ಹೆಸರಿರುವ ಪುಸ್ತಕವನ್ನೂ ನವೆಂಬರ್ 30ರೊಳಗೆ ಕೌಂಟಿಯ ಅಧಿಕಾರಿಯ ಬಳಿ ಠೇವಣಿ ಇಡಬೇಕಿತ್ತು. ಇವು ಇಂದು ಕೌಂಟಿ ಪತ್ರಾಗಾರಗಳಲ್ಲಿವೆ. ಕಟ್ಟದೇ ಉಳಿದ ಮಾರ್ಗಗಳ ನಕ್ಷೆಗಳೂ ಅಲ್ಲೇ ಇರುವುದು ಇವುಗಳ ದೊಡ್ಡ ಗುಣ. 1840ರ ದಶಕದ ರೈಲ್ವೆ ಹುಚ್ಚಿನ ದಿನಗಳಲ್ಲಿ ಒಂದೇ ಕಣಿವೆಗೆ ಮೂರು ಕಂಪನಿಗಳು ಸಲ್ಲಿಸಿದ ನಕ್ಷೆಗಳು ಒಟ್ಟಿಗೆ ಸಿಕ್ಕುವುದುಂಟು. ಸರ್ಕಾರಿ ತನಿಖಾಧಿಕಾರಿಗಳು 1840ರ ದಶಕದಿಂದ ಹೊಸ ಮಾರ್ಗಗಳನ್ನು ಪರೀಕ್ಷಿಸಿ ಬರೆದ ವರದಿಗಳೂ, ಕಂಪನಿಗಳ ನಡಾವಳಿಗಳೂ ಲಂಡನ್ನಿನ ಕ್ಯೂ ಎಂಬ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಅಮೆರಿಕದಲ್ಲಿ ಆರಂಭಿಸಲು ಯೋಗ್ಯವಾದುದು 1868ರಿಂದ ಪ್ರಕಟವಾಗತೊಡಗಿದ ಪೂರ್ ಅವರ ರೈಲ್ವೆ ಕೈಪಿಡಿ. ಕಂಪನಿಯ ಬಂಡವಾಳ, ಸಾಲ, ಉದ್ದ, ನಿರ್ದೇಶಕರ ಹೆಸರು ಅದರಲ್ಲಿ ವರ್ಷವರ್ಷವೂ ಸಿಗುತ್ತವೆ. ಅದಾದ ಮೇಲೆ ರಾಜ್ಯಗಳ ರೈಲ್ವೆ ಆಯೋಗಗಳ ವಾರ್ಷಿಕ ವರದಿಗಳು. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ತಡವಾಗಿ ತಯಾರಾದ ಒಂದು ದಾಖಲೆ: 1913ರ ಕಾಯಿದೆಯನ್ವಯ ಸರ್ಕಾರ ದೇಶದ ಎಲ್ಲ ರೈಲುಗಳ ಆಸ್ತಿಯನ್ನು ಮೌಲ್ಯಮಾಪನ ಮಾಡಿಸಿದಾಗ, ಪ್ರತಿ ಮೈಲಿಗೂ ದೊಡ್ಡ ಅಳತೆಯ ನಕ್ಷೆ ತಯಾರಾಗಿ, ಪ್ರತಿ ತುಂಡು ನೆಲ ಯಾರಿಂದ, ಯಾವ ದಿನ, ಯಾವ ಪತ್ರದ ಮೂಲಕ ಕಂಪನಿಗೆ ಬಂತೆಂದು ದಾಖಲಾಯಿತು. ಇವು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪಟ್ಟಣದೊಳಗಿನ ನಿಲ್ದಾಣ, ಗೋದಾಮು, ಎಂಜಿನ್ ಮನೆಗಳ ಆಕಾರ ತಿಳಿಯಲು ಸ್ಯಾನ್‌ಬಾರ್ನ್ ಕಂಪನಿ 1867ರಿಂದ ಅಗ್ನಿವಿಮೆಗಾಗಿ ಮಾಡಿದ ನಕ್ಷೆಗಳನ್ನು ನೋಡಬೇಕು. ಲೈಬ್ರರಿ ಆಫ್ ಕಾಂಗ್ರೆಸ್ ಅವುಗಳಲ್ಲಿ ಬಹಳಷ್ಟನ್ನು ತಾಣದಲ್ಲಿ ಹಾಕಿದೆ.

ಪತ್ರಿಕೆಗಳ ವಿಷಯದಲ್ಲಿ ಎಚ್ಚರ ಬೇಕು. ಸಣ್ಣ ಊರಿನ ಪತ್ರಿಕೆಯ ಸಂಪಾದಕನೇ ರೈಲು ಕಂಪನಿಯ ಷೇರುದಾರನಾಗಿರುವುದು ಅಪರೂಪವಲ್ಲ. ಅವನು ‘ಮುಂದಿನ ವಸಂತದೊಳಗೆ ಗಾಡಿ ಓಡುವುದು ಖಚಿತ’ ಎಂದು ಬರೆದರೆ ಅದು ಸುದ್ದಿಯಲ್ಲ, ಷೇರು ಮಾರಾಟದ ಮಾತು. ಪ್ರತಿಸ್ಪರ್ಧಿ ಊರಿನ ಪತ್ರಿಕೆಯನ್ನೂ ಅದೇ ವಾರಕ್ಕೆ ಓದಿ. ಗಣಕೀಕೃತ ಸಂಗ್ರಹಗಳಲ್ಲಿ ಹುಡುಕುವಾಗ ರೈಲು ಎಂಬ ಪದಕ್ಕಿಂತ ಎಂಜಿನಿಯರ್, ಗುತ್ತಿಗೆದಾರ, ಸೇತುವೆಯ ತೊರೆ ಇವುಗಳ ಹೆಸರಿನಿಂದ ಹುಡುಕುವುದು ಮೇಲು, ಏಕೆಂದರೆ ಮಾಸಿದ ಅಚ್ಚಿನ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದಿರುತ್ತದೆ, ಹಲವು ಹೆಸರುಗಳಲ್ಲಿ ಒಂದಾದರೂ ಸಿಕ್ಕಿಬೀಳುತ್ತದೆ.

ದುಡಿದವರು

ಕಂಪನಿಯ ಕಾಗದಗಳಲ್ಲಿ ನಿರ್ದೇಶಕರಿಗೆ ಹೆಸರಿರುತ್ತದೆ, ಮಣ್ಣು ಹೊತ್ತವರಿಗೆ ಸಂಖ್ಯೆಯೂ ಇರುವುದಿಲ್ಲ. ಅವರನ್ನು ಬೇರೆ ಕಡೆ ಹುಡುಕಬೇಕು. ಕಟ್ಟುವ ಕೆಲಸ ಜನಗಣತಿಯ ವರ್ಷಕ್ಕೆ ಸರಿಹೊಂದಿದರೆ ಗಣತಿಯ ಮೂಲಹಾಳೆಗಳಲ್ಲಿ ಶಿಬಿರಗಳೇ ಸಿಗುತ್ತವೆ. ಅಮೆರಿಕದ 1890ರ ಹಾಳೆಗಳು ಮಾತ್ರ 1921ರ ಬೆಂಕಿಯಿಂದಾಗಿ ಬಹುಪಾಲು ನಾಶವಾಗಿವೆ. ಚರ್ಚಿನ ಶವಸಂಸ್ಕಾರ ದಾಖಲೆ, ಮರಣ ವಿಚಾರಣೆಯ ಕಡತ, ಆಸ್ಪತ್ರೆಯ ಪುಸ್ತಕ, ಜೈಲಿನ ದಾಖಲೆ ಇವೂ ಮುಖ್ಯ. ಅಂತರ್ಯುದ್ಧದ ನಂತರ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಎಷ್ಟೋ ಮಾರ್ಗಗಳನ್ನು ಕೈದಿಗಳಿಂದ ಕಟ್ಟಿಸಲಾಯಿತು, ಅವರಲ್ಲಿ ಬಹುಸಂಖ್ಯಾತರು ಕಪ್ಪು ಜನ. ವೆಸ್ಟರ್ನ್ ನಾರ್ತ್ ಕ್ಯಾರೊಲಿನಾ ಮಾರ್ಗದ ಕೌವೀ ಸುರಂಗದ ಬಳಿ 1882ರ ಡಿಸೆಂಬರ್ ಕೊನೆಯಲ್ಲಿ ಟಕಸೀಜಿ ನದಿಯನ್ನು ದಾಟಿಸುತ್ತಿದ್ದ ದೋಣಿ ಮಗುಚಿ 19 ಕೈದಿಗಳು ಮುಳುಗಿ ಸತ್ತರು. ಗುಡ್ಡಗಾಡಿನ ಊರುಗಳಿಗೆ ರೈಲು ತಂದ ಸೌಕರ್ಯವನ್ನು ಬಣ್ಣಿಸಿ ಈ ಸಾವುಗಳನ್ನು ಅಡಿಟಿಪ್ಪಣಿಗೆ ತಳ್ಳುವ ಬರಹ ಅರೆಬರೆ ಚರಿತ್ರೆಯಷ್ಟೆ.

ಬಯಲಿನಲ್ಲಿ

ಕಾಗದ ಓದಿದ ಮೇಲೆಯೇ ಸ್ಥಳಕ್ಕೆ ಹೋಗಿ. ಏನನ್ನು ನೋಡಬೇಕೆಂದು ಗೊತ್ತಿಲ್ಲದವರಿಗೆ ಹಳೆಯ ಏರಿಯೂ ಕೆರೆಯ ಕಟ್ಟೆಯೂ ಒಂದೇ ರೀತಿ ಕಾಣುತ್ತವೆ. ಹಳಿ ಕಿತ್ತು ದಶಕಗಳಾದರೂ ಬಾಗುವಿಕೆ ನಿಧಾನವಾಗಿರುವ ಏರಿ, ಗುಡ್ಡದಲ್ಲಿ ಕಡಿದ ಓಣಿ, ತೊರೆಯ ಎರಡೂ ದಂಡೆಯ ಕಲ್ಲಿನ ಆಧಾರಗೋಡೆ, ಮೋರಿ ಇವು ಉಳಿದಿರುತ್ತವೆ. ಪಟ್ಟಣದೊಳಗೆ ಚೌಕಾಕಾರದ ಬೀದಿಗಳನ್ನು ಓರೆಯಾಗಿ ಕತ್ತರಿಸುವ ನಿವೇಶನಗಳ ಗಡಿರೇಖೆಯನ್ನು ಗಮನಿಸಿ. ಕಟ್ಟಡಗಳ ಹಿಂಗೋಡೆ ಬೀದಿಗೆ ಸಮಾನಾಂತರವಾಗಿರದೆ ಸೊಟ್ಟಗಿದ್ದರೆ ಅಲ್ಲಿ ಹಿಂದೆ ಹಳಿ ಹಾದಿತ್ತೆಂದು ಊಹಿಸಬಹುದು. ಕಾಡು ಮುಚ್ಚಿದ ಕಡೆ ವಿಮಾನದಿಂದ ಲೇಸರ್ ಬಿಟ್ಟು ತಯಾರಿಸಿದ ಎತ್ತರನಕ್ಷೆಗಳು ಗಿಡಮರಗಳನ್ನು ಸರಿಸಿ ಬರೀ ನೆಲವನ್ನು ತೋರಿಸುತ್ತವೆ, ಕೆಲವು ದೇಶಗಳಲ್ಲಿ ಅವು ಉಚಿತ.

ಹಳಿಯ ತುಂಡು ಸಿಕ್ಕರೆ ಅದರ ಪಕ್ಕೆಯಲ್ಲಿ ಉರುಳಿಸಿದ ಕಾರ್ಖಾನೆಯ ಹೆಸರೂ ವರ್ಷವೂ ಉಬ್ಬಕ್ಷರದಲ್ಲಿರಬಹುದು. ಅದನ್ನು ಮಾರ್ಗದ ವರ್ಷವೆಂದು ಬರೆಯಬೇಡಿ. ಮುಖ್ಯಮಾರ್ಗದಲ್ಲಿ ಸವೆದ ಹಳಿಯನ್ನು ಕಿತ್ತು ಶಾಖಾಮಾರ್ಗಕ್ಕೆ ಹಾಕುವುದು ವಾಡಿಕೆ. ಹಾಗೆಯೇ ಮೂಲ ಹಳಿಯನ್ನು ತೆಗೆದು ಹೊಸದನ್ನು ಹಾಕಿರಲೂಬಹುದು. ಅಮೆರಿಕದ ಮೊದಲ ತಲೆಮಾರಿನ ಹಲವು ಮಾರ್ಗಗಳಲ್ಲಿ ಇದ್ದದ್ದು ಮರದ ತೊಲೆಯ ಮೇಲೆ ಮೊಳೆ ಹೊಡೆದ ಕಬ್ಬಿಣದ ಪಟ್ಟಿ ಮಾತ್ರ, ಅದರ ಗುರುತು ಇಂದು ನೆಲದಲ್ಲಿ ಸಿಗುವ ಸಂಭವ ಬಹಳ ಕಡಿಮೆ. ಬಳಕೆಯಲ್ಲಿಲ್ಲದ ಮಾರ್ಗದ ನೆಲಕ್ಕೂ ಒಬ್ಬ ಒಡೆಯನಿರುತ್ತಾನೆ, ಅಪ್ಪಣೆ ಕೇಳಿಯೇ ಹೋಗಬೇಕು. ಹಳೆಯ ಸುರಂಗಗಳ ಒಳಕ್ಕೆ ಹೋಗಲೇಬೇಡಿ.

ಗೇಜ್ ಮತ್ತು ಗಡಿಯಾರ

ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಗಲ. ಇವೆರಡು ಕಡೆ ಹೊಸಬರು ಎಡವುತ್ತಾರೆ. ಎರಡು ಮಾರ್ಗಗಳು ಒಂದೇ ಊರಿನಲ್ಲಿ ಸಂಧಿಸಿದವೆಂದ ಮಾತ್ರಕ್ಕೆ ಗಾಡಿಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದವೆಂದು ತಿಳಿಯಬಾರದು. ಅಮೆರಿಕದ ದಕ್ಷಿಣದಲ್ಲಿ 5 ಅಡಿ ಅಗಲವೇ ಹೆಚ್ಚಾಗಿತ್ತು, 1886ರ ಮೇ 31 ಮತ್ತು ಜೂನ್ 1ರಂದು ಸಾವಿರಾರು ಮೈಲಿ ಹಳಿಯನ್ನು ಒಟ್ಟಿಗೇ ಒಳಕ್ಕೆ ಸರಿಸಲಾಯಿತು. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ 7 ಅಡಿಯ ಅಗಲವನ್ನು 1892ರಲ್ಲಿ ಪೂರ್ತಿ ಕೈಬಿಟ್ಟಿತು. ಭಾರತದಲ್ಲಿ 1870ರ ನಂತರ ಮೀಟರ್ ಗೇಜ್ ಬಂದಾಗಿನಿಂದ ಎಷ್ಟೋ ಜಂಕ್ಷನ್‌ಗಳಲ್ಲಿ ಸರಕನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಕೈಯಿಂದಲೇ ಹೊರಬೇಕಾಗಿತ್ತು. ಇಂಥ ಕಡೆ ಗೇಜ್ ಬದಲಾಗುವ ಊರು ಹಮಾಲರಿಗೂ ಗೋದಾಮಿನವರಿಗೂ ಕೆಲಸ ಕೊಟ್ಟು ಬೆಳೆದಿರುತ್ತದೆ, ಗೇಜ್ ಒಂದಾದ ಮೇಲೆ ಆ ಊರಿನ ಜನಸಂಖ್ಯೆ ಏನಾಯಿತೆಂದು ಗಣತಿಯಲ್ಲಿ ನೋಡುವುದು ಸ್ವಾರಸ್ಯಕರ.

ಹಳೆಯ ವೇಳಾಪಟ್ಟಿಯಿಂದ ಗಾಡಿಯ ವೇಗವನ್ನು ಲೆಕ್ಕಹಾಕುವ ಮುನ್ನ ಅದು ಯಾರ ಗಡಿಯಾರದ ಪ್ರಕಾರ ಎಂದು ಕೇಳಿಕೊಳ್ಳಬೇಕು. ಅಮೆರಿಕದ ರೈಲುಗಳು ಏಕರೂಪದ ಕಾಲವಲಯಗಳನ್ನು ಒಪ್ಪಿಕೊಂಡದ್ದು 1883ರ ನವೆಂಬರ್ 18ರಂದು. ಅದಕ್ಕೆ ಮೊದಲು ಪ್ರತಿ ಕಂಪನಿಯೂ ತನ್ನ ಮುಖ್ಯಪಟ್ಟಣದ ಸಮಯವನ್ನು ಅನುಸರಿಸುತ್ತಿತ್ತು, ಊರಿನ ಗಡಿಯಾರ ಬೇರೆಯೇ ತೋರಿಸುತ್ತಿತ್ತು. ಬ್ರಿಟನ್ನಿನ ರೈಲುಗಳಲ್ಲಿ ಹೆಚ್ಚಿನವು 1847ರ ನಂತರ ಗ್ರೀನ್‌ವಿಚ್ ಸಮಯಕ್ಕೆ ಬಂದವು, ಕಾನೂನು ಬಂದದ್ದು 1880ರಲ್ಲಿ.

ಬರೆಯಲು ಕೂತಾಗ ಕಂಪನಿಗಳ ಹೆಸರು ಬದಲಾವಣೆ, ಗುತ್ತಿಗೆ, ವಿಲೀನಗಳ ವಂಶವೃಕ್ಷವನ್ನು ಒಂದು ಪುಟಕ್ಕೆ ಕಟ್ಟಿಹಾಕಿ, ಕಥನದೊಳಗೆ ಅದನ್ನು ತುರುಕಬೇಡಿ. ಗುತ್ತಿಗೆಯನ್ನೂ ವಿಲೀನವನ್ನೂ ಒಂದೆಂದು ಎಣಿಸಬೇಡಿ. 999 ವರ್ಷಗಳ ಗುತ್ತಿಗೆಗೆ ಕೊಟ್ಟ ಸಣ್ಣ ಕಂಪನಿಗಳು ಒಂದೂ ಗಾಡಿ ಓಡಿಸದೆ ಕಾಗದದ ಮೇಲೆ ದಶಕಗಟ್ಟಲೆ ಬದುಕಿದ್ದುಂಟು. ಒಂದು ನಕ್ಷೆ ಇರಲಿ, ಅದರಲ್ಲಿ ಕಟ್ಟಿದ ಮಾರ್ಗ ಗಟ್ಟಿ ಗೆರೆಯಲ್ಲೂ ಕಟ್ಟದ ಪ್ರಸ್ತಾಪಗಳು ಚುಕ್ಕಿಗೆರೆಯಲ್ಲೂ ಇರಲಿ, ಹಣ ಕೊಟ್ಟ ಊರುಗಳಿಗೆ ಬೇರೆ ಬಣ್ಣವಿರಲಿ. ಮುಗಿದ ಮೇಲೆ ದಿನಾಂಕಗಳ ಕೋಷ್ಟಕವನ್ನೂ ಎತ್ತರದ ರೇಖಾಚಿತ್ರಗಳನ್ನೂ ಲೇಖನದ ಜೊತೆಗೇ ಆ ಸೀಮೆಯ ಗ್ರಂಥಾಲಯಕ್ಕೆ ಒಪ್ಪಿಸಿ, ಪ್ರತಿ ದಿನಾಂಕ ಯಾವ ಕಡತದ ಯಾವ ಹಾಳೆಯಿಂದ ಬಂತೆಂಬ ಗುರುತು ಅಳಿಸದಂತೆ ನೋಡಿಕೊಳ್ಳಿ.